ಶಾಲೆಯಾಚೆಯ ಕಲಿಕೆ: ಪರಿಭಾಷೆ ಮತ್ತು ಹೊಣೆ
(ನಂಜನಗೂಡು, ತಿ. ನರಸೀಪುರ ಸೀಮೆಯ ಹಿನ್ನೆಲೆಯಲ್ಲಿ)

ಅನೌಪಚಾರಿಕ ಶಿಕ್ಷಣ, ಪರ್ಯಾಯ ಶಿಕ್ಷಣ, ವಯಸ್ಕರ ಶಿಕ್ಷಣ, ಮುಂದುವರಿಕೆ ಶಿಕ್ಷಣ, ಜೀವನಪರ್ಯಂತ ಕಲಿಕೆ ಎಂಬ ಪದಗಳು ಇಲಾಖೆಯ ಸುತ್ತೋಲೆಗಳಲ್ಲಿಯೂ ಬಿ.ಎಡ್. ತರಗತಿಯ ಟಿಪ್ಪಣಿಗಳಲ್ಲಿಯೂ ಸ್ವಯಂಸೇವಾ ಸಂಸ್ಥೆಗಳ ವರದಿಗಳಲ್ಲಿಯೂ ಒಂದಕ್ಕೆ ಬದಲಾಗಿ ಇನ್ನೊಂದನ್ನು ಇಡಬಹುದು ಎಂಬಂತೆ ಬಳಕೆಯಾಗುತ್ತಿವೆ. ಇವು ಸಮಾನಾರ್ಥಕ ಪದಗಳಲ್ಲ. ಏನನ್ನು ಕಲಿಯಬೇಕೆಂದು ತೀರ್ಮಾನಿಸುವವರು ಯಾರು, ಕಲಿಕೆಯ ಕಾಲ ಮತ್ತು ಸ್ಥಳ ಯಾರ ಅನುಕೂಲಕ್ಕೆ ಹೊಂದಿಕೊಳ್ಳಬೇಕು, ಕಲಿಯದೆ ಉಳಿದವರ ವಿಷಯದಲ್ಲಿ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಈ ಪ್ರತಿಯೊಂದು ಪದವೂ ಬೇರೆಬೇರೆ ಉತ್ತರವನ್ನು ಕೊಡುತ್ತದೆ. ಆದ್ದರಿಂದ ಪದವನ್ನು ಸಡಿಲವಾಗಿ ಬಳಸಿದಾಗ ಹೊಣೆಯೂ ಸಡಿಲವಾಗುತ್ತದೆ. ಕಪಿಲೆಯ ದಡದ ನಂಜನಗೂಡು ಮತ್ತು ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ, ಅವುಗಳ ನೆರೆಯ ಹೆಗ್ಗಡದೇವನಕೋಟೆ ಮತ್ತು ಮೈಸೂರು ತಾಲ್ಲೂಕುಗಳಲ್ಲಿ, ಕಳೆದ ಒಂದು ಶತಮಾನದಲ್ಲಿ ಶಾಲೆಯಾಚೆಯ ಕಲಿಕೆಯ ಬಹುಪಾಲು ಎಲ್ಲ ಬಗೆಗಳೂ ನಡೆದಿರುವುದರಿಂದ, ಈ ಪರಿಭಾಷೆಯನ್ನು ವಿವರಿಸಲು ದೂರದ ಉದಾಹರಣೆಗಳನ್ನು ಅರಸಬೇಕಾದ ಅಗತ್ಯವಿಲ್ಲ.

ಮೊದಲಿಗೆ ಔಪಚಾರಿಕ, ಅನೌಪಚಾರಿಕ ಮತ್ತು ಸಹಜ ಕಲಿಕೆ ಎಂಬ ಮೂರು ಪದಗಳನ್ನು ಗಮನಿಸಬಹುದು. ಫಿಲಿಪ್ ಕೂಂಬ್ಸ್ ಎಂಬ ಅಮೆರಿಕದ ಶಿಕ್ಷಣ ಯೋಜಕರು 1968ರಲ್ಲಿ ಜಗತ್ತಿನ ಶಿಕ್ಷಣ ಬಿಕ್ಕಟ್ಟನ್ನು ಕುರಿತು ಬರೆದ ಪುಸ್ತಕವೂ, 1974ರಲ್ಲಿ ಮಂಜೂರ್ ಅಹ್ಮದ್ ಅವರೊಡನೆ ಗ್ರಾಮೀಣ ಬಡತನವನ್ನು ಕುರಿತು ಹೊರತಂದ ಅಧ್ಯಯನವೂ ಈ ವಿಂಗಡಣೆಯನ್ನು ಬಳಕೆಗೆ ತಂದವು. ವಯಸ್ಸಿಗೆ ತಕ್ಕಂತೆ ತರಗತಿ, ನಿಗದಿಯಾದ ಪಠ್ಯ, ಪರೀಕ್ಷೆ ಮತ್ತು ಪ್ರಮಾಣಪತ್ರ ಇರುವ, ಒಂದನೆಯ ತರಗತಿಯಿಂದ ವಿಶ್ವವಿದ್ಯಾನಿಲಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವ್ಯವಸ್ಥೆಯೇ ಔಪಚಾರಿಕ ಶಿಕ್ಷಣ. ಈ ವ್ಯವಸ್ಥೆಯ ಹೊರಗೆ, ಆದರೆ ಒಂದು ಗೊತ್ತಾದ ಗುಂಪಿನ ಒಂದು ಗೊತ್ತಾದ ಅಗತ್ಯಕ್ಕಾಗಿ ಯೋಜಿಸಿ ನಡೆಸುವ ಕಲಿಕೆ ಅನೌಪಚಾರಿಕ ಶಿಕ್ಷಣ. ಮನೆ, ಹೊಲ, ಸಂತೆ, ಹಬ್ಬ, ನೆರೆಹೊರೆಗಳ ನಡುವೆ ಯಾರೂ ಯೋಜಿಸದೆಯೇ ಹುಟ್ಟಿನಿಂದ ಸಾವಿನವರೆಗೆ ನಡೆಯುವುದು ಸಹಜ ಕಲಿಕೆ. ಮೂರನೆಯದಕ್ಕೂ ಅನೌಪಚಾರಿಕ ಎಂಬ ಪದವನ್ನೇ ಬಳಸುವ ಪುಸ್ತಕಗಳು ಕನ್ನಡದಲ್ಲಿ ಇರುವುದರಿಂದ ಓದುಗರಿಗೆ ಗೊಂದಲವಾಗುವುದುಂಟು. ಯೋಜನೆ ಇದೆಯೇ ಇಲ್ಲವೇ ಎಂದು ಕೇಳಿದರೆ ಗೊಂದಲ ತೀರುತ್ತದೆ.

ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಈ ಮೂರೂ ಬಗೆಗಳು ಒಂದೇ ಊರಿನಲ್ಲಿ ಕಾಣಸಿಗುತ್ತವೆ. ಅಲ್ಲಿನ ಉಚಿತ ವಸತಿ ಶಾಲೆ ಔಪಚಾರಿಕ. ಅದೇ ಊರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ರೈತರಿಗೂ ರೈತ ಮಹಿಳೆಯರಿಗೂ ಗ್ರಾಮೀಣ ಯುವಕರಿಗೂ ಕೊಡುವ ತರಬೇತಿ ಅನೌಪಚಾರಿಕ. 1974ರಲ್ಲಿ ಪುದುಚೇರಿಯಲ್ಲಿ ಮೊದಲು ಆರಂಭವಾದ ಈ ಕೇಂದ್ರಗಳಿಗೆ ತರಗತಿ, ಪರೀಕ್ಷೆಗಳ ಕಟ್ಟಿಲ್ಲ, ರೈತನ ಹೊಲದಲ್ಲಿಯೇ ಪ್ರಾತ್ಯಕ್ಷಿಕೆ ಮಾಡಿ ತೋರಿಸುವುದು ಅವುಗಳ ಮುಖ್ಯ ವಿಧಾನ. ವರ್ಷಕ್ಕೊಮ್ಮೆ ನಡೆಯುವ ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳ, ವಸ್ತುಪ್ರದರ್ಶನ, ದನಗಳ ಜಾತ್ರೆಗಳ ನಡುವೆ ಸುತ್ತಾಡುವ ಕುಟುಂಬ ತನಗೆ ತಿಳಿಯದಂತೆಯೇ ಹೊತ್ತು ತರುವ ತಿಳಿವಳಿಕೆ ಸಹಜ ಕಲಿಕೆ. ಮೇಳವನ್ನು ಏರ್ಪಡಿಸಿದವರ ದೃಷ್ಟಿಯಿಂದ ಅದೂ ಯೋಜಿತವೇ ಎಂಬ ಆಕ್ಷೇಪಣೆ ಸರಿಯಾದದ್ದೇ. ಈ ಪದಗಳ ನಡುವಿನ ಗಡಿ ಅಷ್ಟು ಕಟ್ಟುನಿಟ್ಟಾದುದಲ್ಲ ಎಂಬುದನ್ನು ಕೂಂಬ್ಸ್ ಅವರೂ ಒಪ್ಪಿದ್ದರು.

ಪದಗಳು ಹೊಸವಾದರೂ ಅವು ಹೆಸರಿಸುವ ವ್ಯವಸ್ಥೆಗಳು ಹಳೆಯವು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠಕ್ಕೆ ಸರ್ಕಾರದ ಪಠ್ಯವಿರಲಿಲ್ಲ, ತರಗತಿಗಳ ವಿಂಗಡಣೆಯೂ ಇರಲಿಲ್ಲ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಗುರುಕುಲವಾಸ ಮಾಡಿ ಕಲಿತರು. ಮುಂದೆ ಏಳು ತಂತಿಯ ಪಿಟೀಲನ್ನು ರೂಪಿಸಿ ಹೆಸರಾದರು. ಗುರು ಶಿಷ್ಯನ ಕೈಯನ್ನು, ಕಿವಿಯನ್ನು ನೋಡಿ ಮುಂದಿನ ಪಾಠವನ್ನು ನಿರ್ಧರಿಸುವ ಈ ಕ್ರಮದಲ್ಲಿ ಶಿಸ್ತು ಶಾಲೆಗಿಂತ ಕಠಿಣವಾಗಿತ್ತು. ಶಾಲೆಯ ಹೊರಗಿನದೆಲ್ಲ ಸಡಿಲ, ಹಗುರ ಎಂದು ತಿಳಿಯುವವರು ಈ ಉದಾಹರಣೆಯನ್ನು ಮರೆಯಬಾರದು. ಹಾಗೆಯೇ ಕೂಲಿಮಠದ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನೂ, ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ, ಮರೆಯಬಾರದು.

ಸಾಕ್ಷರತೆ ಎಂಬ ಪದ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದು ಎಲ್ಲಕ್ಕಿಂತ ಕಡಿಮೆ ಪರಿಶೀಲನೆಗೆ ಒಳಗಾಗಿದೆ. ಭಾರತದ ಜನಗಣತಿಯ ಪ್ರಕಾರ ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ವಯಸ್ಸಿನ, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲು ಮತ್ತು ಬರೆಯಲು ಬಲ್ಲ ವ್ಯಕ್ತಿ ಸಾಕ್ಷರ. ಈ ಅಳತೆಯಂತೆ 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ ಸುಮಾರು 75, ಮೈಸೂರು ಜಿಲ್ಲೆಯದು ಸುಮಾರು 73. ಮನೆಯವರು ಹೇಳಿದ್ದನ್ನು ಗಣತಿದಾರರು ಬರೆದುಕೊಳ್ಳುವ ಈ ಕ್ರಮದಲ್ಲಿ ರುಜು ಹಾಕಲು ಮಾತ್ರ ಬಲ್ಲವರೂ ಸಾಕ್ಷರರ ಪಟ್ಟಿಗೆ ಸೇರಬಹುದು. ಇದಕ್ಕಿಂತ ಭಿನ್ನವಾದದ್ದು ಕ್ರಿಯಾತ್ಮಕ ಸಾಕ್ಷರತೆ, ಎಂದರೆ ಓದುಬರಹ ಲೆಕ್ಕಗಳನ್ನು ತನ್ನ ಕಸುಬು ಮತ್ತು ದಿನದ ವ್ಯವಹಾರದಲ್ಲಿ ಬಳಸಿ ಸ್ಥಿತಿಯನ್ನು ಉತ್ತಮಪಡಿಸಿಕೊಳ್ಳುವ ಸಾಮರ್ಥ್ಯ. 1965ರಲ್ಲಿ ತೆಹರಾನಿನಲ್ಲಿ ಯುನೆಸ್ಕೊ ಕರೆದ ಶಿಕ್ಷಣ ಮಂತ್ರಿಗಳ ಸಮ್ಮೇಳನ ಈ ಕಲ್ಪನೆಗೆ ಜಾಗತಿಕ ಮನ್ನಣೆ ಕೊಟ್ಟಿತು. ಆ ಸಮ್ಮೇಳನ ಆರಂಭವಾದ ಸೆಪ್ಟೆಂಬರ್ 8 ಇಂದಿಗೂ ಸಾಕ್ಷರತಾ ದಿನ.

ನಂಜನಗೂಡಿನ ರಸಬಾಳೆಯ ಬೆಳೆಗಾರನ ಸ್ಥಿತಿಯನ್ನು ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಆ ಹಣ್ಣಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ಇದೆ. ಆದರೆ ಪನಾಮ ಸೊರಗು ರೋಗದಿಂದ ಅದರ ಬೆಳೆ ಬಹಳ ಕುಗ್ಗಿದೆ. ರೋಗವಿಲ್ಲದ ಕಂದನ್ನು ಗುರುತಿಸುವುದು, ಅಂಗಾಂಶ ಕೃಷಿಯ ಸಸಿಯ ಚೀಟಿಯನ್ನು ಓದುವುದು, ಔಷಧದ ಪ್ರಮಾಣವನ್ನು ಲೆಕ್ಕ ಹಾಕುವುದು, ಬ್ಯಾಂಕಿನ ಅರ್ಜಿಯ ಷರತ್ತನ್ನು ತಿಳಿದು ಸಹಿ ಮಾಡುವುದು ಇವೆಲ್ಲ ಕ್ರಿಯಾತ್ಮಕ ಸಾಕ್ಷರತೆಗೆ ಸೇರುತ್ತವೆ. ಇದೇ ಬೆಳೆಗಾರನಿಗೆ ತನ್ನ ಮಣ್ಣು, ನೀರು, ಗಾಳಿಗಳ ಬಗ್ಗೆ ಇರುವ ತಿಳಿವಳಿಕೆ ಯಾವ ಸಾಕ್ಷರತೆಯ ಲೆಕ್ಕಕ್ಕೂ ಬರುವುದಿಲ್ಲ. ಅನಕ್ಷರಸ್ಥ ಎಂಬ ಪದವನ್ನು ಅಜ್ಞಾನಿ ಎಂಬ ಅರ್ಥದಲ್ಲಿ ಬಳಸುವ ರೂಢಿ ವಿದ್ಯಾವಂತರಲ್ಲಿ ಇಂದಿಗೂ ಉಳಿದಿರುವುದು ವಿಷಾದದ ಸಂಗತಿ.

ಹೊಸದಾಗಿ ಅಕ್ಷರ ಕಲಿತವರನ್ನು ನವಸಾಕ್ಷರರು ಎಂದು ಕರೆಯುತ್ತಾರೆ. ಇವರ ಕೈಗೆ ಓದಲು ಏನೂ ಸಿಗದಿದ್ದರೆ ಕೆಲವೇ ವರ್ಷಗಳಲ್ಲಿ ಕಲಿತದ್ದು ಮರೆತುಹೋಗುತ್ತದೆ. ಇದಕ್ಕೆ ಅನಕ್ಷರತೆಗೆ ಮರಳುವಿಕೆ ಎಂದು ಹೆಸರು. ಸಾಕ್ಷರೋತ್ತರ ಶಿಕ್ಷಣ ಮತ್ತು ಮುಂದುವರಿಕೆ ಶಿಕ್ಷಣ ಎಂಬ ಎರಡು ಹಂತಗಳನ್ನು ರೂಪಿಸಿದ್ದು ಈ ಮರಳುವಿಕೆಯನ್ನು ತಡೆಯುವುದಕ್ಕಾಗಿ. 1988ರ ಮೇ 5ರಂದು ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಸಂಪೂರ್ಣ ಸಾಕ್ಷರತಾ ಆಂದೋಲನಗಳು ಕಲಾಜಾಥಾ, ಬೀದಿನಾಟಕ, ಸ್ವಯಂಸೇವಕರ ಬಲದಿಂದ ಜಿಲ್ಲೆ ಜಿಲ್ಲೆಗಳನ್ನೇ ಎಬ್ಬಿಸಿದವು. ಅವುಗಳ ನಂತರದ ಹಂತಗಳಿಗೆ ಅದೇ ಶ್ರದ್ಧೆ ಮತ್ತು ಹಣ ದೊರೆಯಲಿಲ್ಲ. ಆದರೆ ನವಸಾಕ್ಷರರಿಗೆ ಓದಿನ ಸಾಮಗ್ರಿ ಬೇಕೆಂಬ ವಿವೇಕ ಮೈಸೂರಿಗೆ ಅದಕ್ಕಿಂತ ನಾಲ್ಕು ದಶಕ ಮುಂಚೆಯೇ ಇತ್ತು.

ಆ ವಿವೇಕದ ಮೂಲ ವಯಸ್ಕರ ಶಿಕ್ಷಣದ ಚರಿತ್ರೆಯಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನ ರಾತ್ರಿ ಶಾಲೆಗಳನ್ನೂ ಸಂಚಾರಿ ಗ್ರಂಥಾಲಯಗಳನ್ನೂ ಆರಂಭಿಸಿತ್ತು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಪ್ರಾಧ್ಯಾಪಕರನ್ನು ಹಳ್ಳಿ ಪಟ್ಟಣಗಳಿಗೆ ಕಳುಹಿಸಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. 1940ರ ದಶಕದ ಆರಂಭದಲ್ಲಿ ಮೈಸೂರಿನ ಕಾಲೇಜು ವಿದ್ಯಾರ್ಥಿಗಳು ಕೈಗೊಂಡ ಅಕ್ಷರ ಪ್ರಚಾರದಿಂದ ಬೆಳೆದ ಸಂಸ್ಥೆಯೇ ಮುಂದೆ ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಹೊಸ ಓದುಗರಿಗಾಗಿ ಸರಳ ಕನ್ನಡದ ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ, ನೂರಾರು ಕಿರುಪುಸ್ತಕಗಳು ಈ ಸಮಿತಿಯಿಂದ ಬಂದವು. ವಯಸ್ಕರ ಶಿಕ್ಷಣ ಎಂದರೆ ದೊಡ್ಡವರಿಗೆ ಅಕ್ಷರ ಕಲಿಸುವುದು ಎಂಬ ಸಂಕುಚಿತ ಅರ್ಥ ಆ ಸಮಿತಿಯ ಹಿರಿಯರಿಗೆ ಒಪ್ಪಿಗೆಯಾಗಿರಲಿಲ್ಲ ಎಂಬುದಕ್ಕೆ ನಂಜನಗೂಡೇ ಸಾಕ್ಷಿ.

1947ರಲ್ಲಿ ಸಮಿತಿಯು ತನ್ನ ಮೊದಲ ವಿದ್ಯಾಪೀಠವನ್ನು ನಂಜನಗೂಡಿನಲ್ಲಿ ತೆರೆಯಿತು. ಅದರ ಮಾದರಿ ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆ. ಗ್ರುಂಟ್‌ವಿಗ್ ಎಂಬ ಪಾದ್ರಿ ಮತ್ತು ಕವಿಯ ಚಿಂತನೆಯಿಂದ ಹುಟ್ಟಿ, 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಆರಂಭವಾದ ಆ ಶಾಲೆಗಳಲ್ಲಿ ರೈತಾಪಿ ಯುವಜನರು ಬೇಸಾಯದ ಬಿಡುವಿನ ತಿಂಗಳುಗಳಲ್ಲಿ ಒಟ್ಟಿಗೆ ವಾಸಮಾಡಿ ಚರಿತ್ರೆ, ಹಾಡು, ತಾಯ್ನುಡಿ, ಕೃಷಿ, ಸಹಕಾರ ತತ್ತ್ವಗಳನ್ನು ಕಲಿಯುತ್ತಿದ್ದರು, ಪರೀಕ್ಷೆ ಇರಲಿಲ್ಲ. ಡೆನ್ಮಾರ್ಕಿನ ಹಾಲಿನ ಸಹಕಾರ ಸಂಘಗಳ ಬೆಳವಣಿಗೆಗೆ ಈ ಶಾಲೆಗಳಲ್ಲಿ ರೂಪುಗೊಂಡ ನಾಯಕತ್ವ ಒಂದು ಕಾರಣ ಎಂದು ಅಲ್ಲಿನ ಚರಿತ್ರಕಾರರು ಗುರುತಿಸುತ್ತಾರೆ. ಕಪಿಲೆಯ ದಡಕ್ಕೆ ಬಂದ ಈ ಮಾದರಿಯಲ್ಲಿ ಹಳ್ಳಿಯ ಯುವಕರು ವಸತಿಯೊಡನೆ ಬೇಸಾಯ, ಕೈಕಸುಬು, ಆರೋಗ್ಯ, ಸಹಕಾರ, ಪೌರಜೀವನಗಳನ್ನು ಕಲಿತು ತಮ್ಮ ಊರಿಗೇ ಮರಳಬೇಕೆಂಬ ಉದ್ದೇಶವಿತ್ತು. ಇಲ್ಲಿ ‘ಊರಿಗೇ ಮರಳುವುದು’ ಎಂಬ ಅಂಶ ಬಹಳ ಮುಖ್ಯ. ಔಪಚಾರಿಕ ಶಿಕ್ಷಣ ಹಳ್ಳಿಯ ಬುದ್ಧಿವಂತ ಮಗುವನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಊರಿನಿಂದ ಹೊರಗೆ ಒಯ್ಯುತ್ತದೆ. ವಿದ್ಯಾಪೀಠದ ಕಲ್ಪನೆ ಕಲಿತವನನ್ನು ಊರಿಗೆ ಉಳಿಸಿಕೊಡುವುದಾಗಿತ್ತು. ಸ್ವಾತಂತ್ರ್ಯ ಬಂದ ವರ್ಷದಲ್ಲಿಯೇ, ಮತ ಹಾಕಲಿರುವ ಹೊಸ ಪ್ರಜೆಗಳಿಗೆ ಅಕ್ಷರದಷ್ಟೇ ನಾಗರಿಕ ತಿಳಿವಳಿಕೆಯೂ ಬೇಕೆಂದು ಒಂದು ತಾಲ್ಲೂಕು ಕೇಂದ್ರದಲ್ಲಿ ಇಂಥ ಸಂಸ್ಥೆ ತಲೆಯೆತ್ತಿದ್ದು ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ದೊಡ್ಡ ಘಟನೆ. ಅದಕ್ಕೆ ದೊರೆಯಬೇಕಾದ ಸ್ಥಾನ ಪಠ್ಯಪುಸ್ತಕಗಳಲ್ಲಿ ದೊರೆತಿಲ್ಲ.

ವಿದ್ಯಾಪೀಠ ಎಂಬ ಪದದ ಮುಂದಿನ ಪಯಣವೂ ಗಮನಾರ್ಹ. 1967ರಲ್ಲಿ ಮುಂಬಯಿಯ ವರ್ಲಿಯಲ್ಲಿ ಕಾರ್ಮಿಕರಿಗಾಗಿ ಶ್ರಮಿಕ ವಿದ್ಯಾಪೀಠ ಆರಂಭವಾಯಿತು. ಈ ಸಂಸ್ಥೆಗಳು 2000ದಲ್ಲಿ ಜನ ಶಿಕ್ಷಣ ಸಂಸ್ಥಾನಗಳಾದವು. 2018ರಲ್ಲಿ ಇವುಗಳ ಆಡಳಿತ ಶಿಕ್ಷಣದ ಸಚಿವಾಲಯದಿಂದ ಕೌಶಲ ಅಭಿವೃದ್ಧಿಯ ಸಚಿವಾಲಯಕ್ಕೆ ಹೋಯಿತು. ಹೊಲಿಗೆ, ವಿದ್ಯುತ್ ದುರಸ್ತಿ, ಸೌಂದರ್ಯ ಕಲೆಯ ತರಬೇತಿಗಳಿಂದ ಎಷ್ಟೋ ಹೆಣ್ಣುಮಕ್ಕಳ ಬದುಕಿಗೆ ಆಧಾರ ಸಿಕ್ಕಿದೆ, ಅದನ್ನು ಕಡೆಗಣಿಸುವಂತಿಲ್ಲ. ಆದರೂ ಪ್ರಜೆಯನ್ನು ರೂಪಿಸಬೇಕೆಂದಿದ್ದ ಶಿಕ್ಷಣ ಕೆಲಸಗಾರನನ್ನು ರೂಪಿಸುವ ತರಬೇತಿಯಾಗಿ ಕಿರಿದಾಗಿದೆ. ಶಿಕ್ಷಣ ಮತ್ತು ಕೌಶಲ ಎಂಬ ಎರಡು ಪದಗಳನ್ನು ಒಂದಾಗಿ ಕಾಣುವವರು ಈ ನಷ್ಟವನ್ನು ಗುರುತಿಸಲಾರರು.

ಕೌಶಲವನ್ನು ಶಿಕ್ಷಣದಿಂದ ಬೇರ್ಪಡಿಸದೆ ನೋಡಿದ ಇನ್ನೊಂದು ಚಿಂತನೆಗೂ ನಂಜನಗೂಡು ತಾಲ್ಲೂಕು ನೆಲೆಯಾಗಿದೆ. ತಗಡೂರು ರಾಮಚಂದ್ರರಾಯರಂಥ ಗಾಂಧಿವಾದಿಗಳ ದುಡಿಮೆಯಿಂದ ಈ ಭಾಗದಲ್ಲಿ ಖಾದಿ ಬೇರೂರಿತು. ದಲಿತ ಮಹಿಳೆಯರ ನೂಲುವಿಕೆಯಿಂದ ಆರಂಭವಾದ ಬದನವಾಳು ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಭೇಟಿ ಕೊಟ್ಟರು. ಹತ್ತು ವರ್ಷಗಳ ನಂತರ, 1937ರ ವಾರ್ಧಾ ಸಮ್ಮೇಳನದಲ್ಲಿ, ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಅಥವಾ ಮೂಲಶಿಕ್ಷಣದ ಕಲ್ಪನೆಗೆ ಜಾಕಿರ್ ಹುಸೇನ್ ಸಮಿತಿ ಪಠ್ಯಕ್ರಮದ ರೂಪ ಕೊಟ್ಟಿತು. ಕಸುಬನ್ನು ಒಂದು ಹೆಚ್ಚುವರಿ ವಿಷಯವಾಗಿ ಕಲಿಸುವುದು ಮೂಲಶಿಕ್ಷಣವಲ್ಲ. ನೂಲುವಾಗ ಎಳೆಯ ಲೆಕ್ಕದಿಂದ ಗಣಿತವನ್ನು, ಹತ್ತಿಯಿಂದ ಭೂಗೋಳವನ್ನು, ಬಟ್ಟೆಯ ವ್ಯಾಪಾರದಿಂದ ಚರಿತ್ರೆಯನ್ನು ಕಲಿಸುವುದು ಮೂಲಶಿಕ್ಷಣ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಬದನವಾಳಿನಲ್ಲಿ ನಡೆಸಿದ ಸತ್ಯಾಗ್ರಹ ಸುಸ್ಥಿರ ಬದುಕಿನ ಪ್ರಶ್ನೆಯನ್ನು ಎತ್ತಿದಾಗ ಕೈಯ ಕೆಲಸ ಮತ್ತು ಅರಿವಿನ ಸಂಬಂಧವೂ ಮತ್ತೆ ಚರ್ಚೆಗೆ ಬಂದಿತು.

ಇಲ್ಲಿಗೆ ಪರ್ಯಾಯ ಶಿಕ್ಷಣ ಎಂಬ ಪದದ ಅರ್ಥವನ್ನು ಹೇಳಬಹುದು. ಅನೌಪಚಾರಿಕ ಶಿಕ್ಷಣ ಶಾಲೆ ತಲುಪದವರನ್ನು ತಲುಪಲು ಯತ್ನಿಸುತ್ತದೆ. ಪರ್ಯಾಯ ಶಿಕ್ಷಣ ಶಾಲೆಯ ರೀತಿಯನ್ನೇ ಪ್ರಶ್ನಿಸುತ್ತದೆ. ಮೊದಲನೆಯದಕ್ಕೆ ಕಲಿಸುವ ವಿಷಯದ ಬಗ್ಗೆ ತಕರಾರಿಲ್ಲದೆ ಇರಬಹುದು, ಎರಡನೆಯದಕ್ಕೆ ತಕರಾರೇ ಮೂಲ. ಇವಾನ್ ಇಲಿಚ್ 1971ರ ತಮ್ಮ ಪುಸ್ತಕದಲ್ಲಿ ಶಾಲೆ ಎಂಬ ಸಂಸ್ಥೆಯೇ ಕಲಿಕೆಯನ್ನು ಪ್ರಮಾಣಪತ್ರಕ್ಕೆ ಒತ್ತೆಯಿಟ್ಟಿದೆ ಎಂದು ವಾದಿಸಿದರು. ಬ್ರೆಜಿಲಿನ ಪಾಲೊ ಫ್ರೇರೆ ಅಷ್ಟು ದೂರ ಹೋಗಲಿಲ್ಲ. ಗುರು ತುಂಬುವವನು, ವಿದ್ಯಾರ್ಥಿ ತುಂಬಿಸಿಕೊಳ್ಳುವವನು ಎಂಬ ಕ್ರಮವನ್ನು ಬ್ಯಾಂಕಿನ ಠೇವಣಿಗೆ ಹೋಲಿಸಿ, ಅದರ ಬದಲಿಗೆ ಸಂವಾದವನ್ನು ಸೂಚಿಸಿದರು. ಸಂವಾದದ ಮೂಲಕ ತನ್ನ ಸ್ಥಿತಿಯ ಕಾರಣಗಳನ್ನು ಅರಿತು ಅದನ್ನು ಬದಲಿಸಲು ಮುಂದಾಗುವುದೇ ಅವರು ಹೇಳಿದ ಪ್ರಜ್ಞಾಜಾಗೃತಿ. 1989ರಲ್ಲಿ ಕರ್ನಾಟಕದಲ್ಲಿ ಮೈಸೂರೂ ಸೇರಿದಂತೆ ಕೆಲವೇ ಜಿಲ್ಲೆಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮ ಈ ಚಿಂತನೆಗೆ ಹತ್ತಿರವಾಗಿತ್ತು. ಹಳ್ಳಿಯ ಬಡ ಹೆಣ್ಣುಮಕ್ಕಳ ಸಂಘಗಳು ಸಹಯೋಗಿನಿಯರೆಂಬ ಕಾರ್ಯಕರ್ತೆಯರ ನೆರವಿನಿಂದ ಕೂಲಿ, ನೀರು, ಆರೋಗ್ಯ, ಬಾಲ್ಯವಿವಾಹದಂಥ ಪ್ರಶ್ನೆಗಳನ್ನು ಮೊದಲು ಚರ್ಚಿಸಿದವು. ಅಕ್ಷರ ಬೇಕೆಂಬ ಬೇಡಿಕೆ ಆ ಚರ್ಚೆಯೊಳಗಿಂದ ಬರಲೆಂದು ಕಾರ್ಯಕ್ರಮ ಕಾದಿತು. ಸರ್ಕಾರದ ಯೋಜನೆಯೊಂದು ಹೀಗೆ ಕಾಯುವುದು ಅಪರೂಪ.

ಪರ್ಯಾಯ ಎಂದರೆ ಸರ್ಕಾರಿ ಶಾಲೆಯ ಹೊರಗಿನದು ಎಂಬ ಭಾವನೆಯೂ ಪೂರ್ಣ ನಿಜವಲ್ಲ. ನಂಜನಗೂಡಿಗೆ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿಯೇ 1995ರಲ್ಲಿ ನಲಿ-ಕಲಿ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿ ಬಂದ ಶಿಕ್ಷಕರು, ಯುನಿಸೆಫ್ ನೆರವಿನೊಡನೆ, ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು, ಕಾರ್ಡುಗಳನ್ನು ತಾವೇ ಸಿದ್ಧಪಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿಯನ್ನು ಹತ್ತುವಂತೆ ಮಾಡಿದರು. ಬಹುವರ್ಗ, ಬಹುಹಂತದ ಬೋಧನೆ ಎಂಬ ಪರಿಭಾಷೆ ಇದನ್ನೇ ಹೇಳುತ್ತದೆ: ಒಂದೇ ಕೋಣೆಯಲ್ಲಿ ಹಲವು ತರಗತಿಗಳ ಮಕ್ಕಳು, ಒಂದೇ ತರಗತಿಯಲ್ಲಿ ಹಲವು ಹಂತಗಳ ಕಲಿಕೆ. ಮುಂದೆ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಶಿಕ್ಷಕರು ಕಟ್ಟಿದ್ದು ಆದೇಶದಿಂದ ಹರಡಿದಾಗ ಕೆಲವು ಕಡೆ ಕಾರ್ಡು ಉಳಿದು ನಲಿವು ಮರೆಯಾಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಅದು ಹರಡಿದ ಕ್ರಮದ ದೋಷ, ವಿಧಾನದ ದೋಷವಲ್ಲ.

ಮಕ್ಕಳಿಗೆ ಸಂಬಂಧಿಸಿದ ಪದಗಳಲ್ಲಿ ತಪ್ಪು ಬಳಕೆಯ ಪರಿಣಾಮ ಹೆಚ್ಚು ತೀವ್ರವಾದುದು. ‘ಶಾಲೆ ಬಿಟ್ಟ ಮಗು’ ಎಂಬ ಮಾತಿನಲ್ಲಿ ಬಿಟ್ಟದ್ದು ಮಗುವೇ ಎಂದಾಗುತ್ತದೆ. ಬಿಡಿಸಿದ ಬಡತನ, ವಲಸೆ, ಅವಮಾನ, ಅರ್ಥವಾಗದ ಪಾಠ ಮರೆಗೆ ಸರಿಯುತ್ತವೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ನಂತರ ‘ಶಾಲೆಯಿಂದ ಹೊರಗುಳಿದ ಮಗು’ ಎಂಬ ಪದ ಬಲಗೊಂಡಿತು. ಹೊರಗುಳಿದಿದ್ದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ ಎಂಬುದು ಅದರ ಒಳಗಿನ ಅರ್ಥ. ಕರ್ನಾಟಕದಲ್ಲಿ 60 ದಿನ ಗೈರುಹಾಜರಾದ ಮಗುವನ್ನು ಹೊರಗುಳಿದ ಮಗುವೆಂದು ಎಣಿಸುತ್ತಿದ್ದ ಕ್ರಮವಿತ್ತು. 2013ರಲ್ಲಿ ಹೈಕೋರ್ಟು ಈ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ನಂತರ ಆ ಅವಧಿ 7 ದಿನಕ್ಕೆ ಇಳಿಯಿತು. ವ್ಯಾಖ್ಯೆಯಲ್ಲಿನ ಒಂದು ಅಂಕಿ ಬದಲಾದರೆ ಕಬ್ಬು ಕಡಿಯಲೆಂದೋ ಇಟ್ಟಿಗೆ ಗೂಡಿಗೆಂದೋ ತಂದೆತಾಯಿಯ ಹಿಂದೆ ಹೋದ ಮಗು ಎರಡು ತಿಂಗಳು ಕಾಣೆಯಾಗಿರಬೇಕೇ, ಒಂದೇ ವಾರದಲ್ಲಿ ಶಿಕ್ಷಕರು ಹುಡುಕಿಕೊಂಡು ಹೋಗಬೇಕೇ ಎಂಬುದು ಬದಲಾಗುತ್ತದೆ.

ಇಂಥ ಮಕ್ಕಳಿಗಾಗಿ ಬಳಕೆಯಲ್ಲಿರುವ ಸೇತು ಶಿಕ್ಷಣ, ಸೇತುಬಂಧ, ವಿಶೇಷ ತರಬೇತಿ ಎಂಬ ಪದಗಳನ್ನೂ ಬೇರ್ಪಡಿಸಿ ತಿಳಿಯಬೇಕು. ಸೇತುಬಂಧ ಶಾಲೆಯಲ್ಲಿಯೇ ಇರುವ ಮಕ್ಕಳಿಗೆ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಕಾರ್ಯಕ್ರಮ. ಸೇತು ಶಿಕ್ಷಣ ಶಾಲೆಯ ಹೊರಗಿದ್ದ ಮಗುವನ್ನು ತರಗತಿಗೆ ಸಿದ್ಧಗೊಳಿಸುವಂಥದು. ‘ಚಿಣ್ಣರ ಅಂಗಳ’ ಈ ಬಗೆಯದು, ವಲಸೆ ಕಾರ್ಮಿಕರ ಬಿಡಾರದ ಬಳಿಯ ಟೆಂಟ್ ಶಾಲೆಯೂ ಇದಕ್ಕೆ ಹತ್ತಿರ. ವಿಶೇಷ ತರಬೇತಿ ಎಂಬುದು ಕಾಯ್ದೆಯ 4ನೆಯ ಪ್ರಕರಣ ಬಳಸಿದ ಪದ: ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಜೊತೆಯವರ ಸಮಕ್ಕೆ ಬರಲು ತರಬೇತಿ ಕೊಡಬೇಕು, ಅದು ಮಗುವಿನ ಹಕ್ಕು. ಇದಕ್ಕೂ ಮುಂಚಿನ ದಶಕಗಳ ಅನೌಪಚಾರಿಕ ಕೇಂದ್ರಗಳಲ್ಲಿ ದುಡಿಯುವ ಮಕ್ಕಳಿಗೆ ಸಂಜೆ ಒಂದೆರಡು ಗಂಟೆ ಪಾಠ, ಹಗಲು ದುಡಿಮೆ ಎಂಬ ಏರ್ಪಾಡಿತ್ತು. ಬಡವರ ಮಕ್ಕಳಿಗೆ ಎರಡನೆಯ ದರ್ಜೆಯ ಶಿಕ್ಷಣ ಎಂಬ ಆಕ್ಷೇಪ ಆಗ ಬಂದದ್ದು ನ್ಯಾಯವಾದುದೇ. ವಯಸ್ಕರಿಗೆ ಗೌರವ ತರುವ ನಮ್ಯತೆ ಮಕ್ಕಳ ವಿಷಯದಲ್ಲಿ ಬಾಲದುಡಿಮೆಗೆ ನೆಪವಾಗಬಾರದು.

ತಡವಾಗಿ ಬಂದ ಮಗುವಿಗೆ ಬಾಗಿಲು ತೆರೆದರೆ ಏನಾಗಬಹುದು ಎಂಬುದಕ್ಕೆ ಈ ಸೀಮೆಯ ಸಿದ್ದರಾಮನಹುಂಡಿಯವರಾದ ಸಿದ್ದರಾಮಯ್ಯನವರ ಬಾಲ್ಯವೇ ನಿದರ್ಶನ. ಹತ್ತು ವರ್ಷದವರೆಗೆ ಅವರಿಗೆ ಔಪಚಾರಿಕ ಶಾಲೆಯಿರಲಿಲ್ಲ. ಅವರೇ ಸಾರ್ವಜನಿಕವಾಗಿ ಹೇಳಿಕೊಂಡಿರುವಂತೆ ವೀರಮಕ್ಕಳ ಕುಣಿತದ ಕಲಿಕೆಯ ಜೊತೆಗೆ ಅಕ್ಷರವನ್ನೂ ಕಲಿತು, ನೇರವಾಗಿ ಐದನೆಯ ತರಗತಿಗೆ ಸೇರಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಿಂದ ವಿಜ್ಞಾನ ಮತ್ತು ಕಾನೂನು ಪದವಿಗಳನ್ನು ಪಡೆದು ರಾಜ್ಯದ ಮುಖ್ಯಮಂತ್ರಿಯಾದರು. ಪರಿಭಾಷೆಯಲ್ಲಿ ಹೇಳುವುದಾದರೆ ಅನೌಪಚಾರಿಕ ಕಲಿಕೆಗೆ ಮಾನ್ಯತೆ ಕೊಟ್ಟು ಔಪಚಾರಿಕ ವ್ಯವಸ್ಥೆಯ ನಡುವಿನ ಮೆಟ್ಟಿಲಿಗೆ ಪ್ರವೇಶ ನೀಡಿದ ಪ್ರಸಂಗವಿದು. ತತ್ಸಮಾನ ಶಿಕ್ಷಣ, ಮುಕ್ತ ಶಾಲೆ, ಪೂರ್ವಕಲಿಕೆಯ ಮಾನ್ಯತೆ ಎಂಬ ಪದಗಳು ಇದೇ ಪ್ರವೇಶವನ್ನು ನಿಯಮವಾಗಿಸುತ್ತವೆ. 1969ರಲ್ಲಿ ಅಂಚೆ ಶಿಕ್ಷಣವಾಗಿ ಆರಂಭವಾಗಿ 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾದ ಸಂಸ್ಥೆ ಉನ್ನತ ಶಿಕ್ಷಣದಲ್ಲಿ ಅದನ್ನೇ ಮಾಡುತ್ತದೆ.

ಜೀವನಪರ್ಯಂತ ಕಲಿಕೆ ಎಂಬ ಪದ ಮೇಲಿನ ಎಲ್ಲವನ್ನೂ ಒಳಗೊಳ್ಳುತ್ತದೆ. 1972ರ ಯುನೆಸ್ಕೊದ ಫೋರ್ ಆಯೋಗದ ವರದಿ ಇದು ಶಿಕ್ಷಣ ನೀತಿಗಳ ತಳಹದಿಯಾಗಬೇಕೆಂದು ಕೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಎತ್ತಿ ಹೇಳುತ್ತದೆ. 2020ರಲ್ಲಿಯೇ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಕರ್ನಾಟಕದ ಶಿಕ್ಷಕರು ವಿದ್ಯಾಗಮದ ಹೆಸರಿನಲ್ಲಿ ಗುಡಿಯ ಜಗಲಿಗೆ, ಮರದ ನೆರಳಿಗೆ ವಠಾರ ಶಾಲೆಯನ್ನು ಒಯ್ದದ್ದು ಔಪಚಾರಿಕ ವ್ಯವಸ್ಥೆ ಅನೌಪಚಾರಿಕ ವಿಧಾನವನ್ನು ಅವಲಂಬಿಸಿದ ದೊಡ್ಡ ಪ್ರಯೋಗ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ; ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಜೀವನಪರ್ಯಂತ ಕಲಿಕೆಗೆ ಹಳ್ಳಿಯಲ್ಲಿ ಒಂದು ವಿಳಾಸ ಇರುವುದಾದರೆ ಅದು ಈ ಕೇಂದ್ರವೇ. ಅಲ್ಲಿಗೆ ಮಕ್ಕಳ ಜೊತೆಗೆ ನವಸಾಕ್ಷರ ತಾಯಂದಿರೂ, ಬೆಳೆಗಾರರೂ, ಓದು ನಿಲ್ಲಿಸಿದ ಹುಡುಗಿಯರೂ ಬರುವಂತಾಗಬೇಕು.

ಎರಡೂ ತಾಲ್ಲೂಕುಗಳ ಶಿಕ್ಷಕರು ಮತ್ತು ಪದವಿ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ ಇದೆ. ನಂಜನಗೂಡಿನ ವಿದ್ಯಾಪೀಠ, ಬದನವಾಳಿನ ನೂಲುಗಾರ್ತಿಯರು, ಮಹಿಳಾ ಸಮಖ್ಯಾದ ಸಂಘಗಳು, ಸಾಕ್ಷರತಾ ಆಂದೋಲನದ ಕಾಲದ ಸ್ವಯಂಸೇವಕರು ಇವರ ಅನುಭವಗಳು ಇನ್ನೂ ಕ್ರಮವಾಗಿ ದಾಖಲಾಗಿಲ್ಲ. ಆ ಕೆಲಸಗಳಲ್ಲಿ ಭಾಗಿಗಳಾದ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪ್ರತಿ ಹೋಬಳಿಯಲ್ಲಿ ವಿದ್ಯಾರ್ಥಿಗಳ ಒಂದು ತಂಡ ಅವರನ್ನು ಕಂಡು, ಅವರ ಮಾತುಗಳನ್ನು ಅವರದೇ ಕನ್ನಡದಲ್ಲಿ ಬರೆದುಕೊಂಡು, ಪ್ರತಿಯನ್ನು ಆಯಾ ಊರಿನ ಅರಿವು ಕೇಂದ್ರದಲ್ಲಿ ಇರಿಸುವ ಕೆಲಸವನ್ನು ಈ ಶೈಕ್ಷಣಿಕ ವರ್ಷದಲ್ಲಿಯೇ ಕೈಗೆತ್ತಿಕೊಳ್ಳಬೇಕು.